ಹಾಜರಿ ಪುಸ್ತಕದಲ್ಲಿ ಇಲ್ಲದವರು



ದುಡಿಮೆಯ ವಿಷಯದಲ್ಲಿ ಕನ್ನಡಕ್ಕೆ ಮೂರು ಹಳೆಯ ಮಾತುಗಳಿವೆ: ಕೂಲಿ, ಜೀತ, ಬಿಟ್ಟಿ. ಕೂಲಿ ಅಂದರೆ ದುಡಿದದ್ದಕ್ಕೆ ಕೈಗೆ ಬರುವ ಹಣ. ಜೀತ ಅಂದರೆ ಸಾಲಕ್ಕೆ ಮೈಯನ್ನೇ ಒತ್ತೆಯಿಟ್ಟು ವರ್ಷಗಟ್ಟಲೆ ಮಾಡುವ ಚಾಕರಿ. ಬಿಟ್ಟಿ ಅಂದರೆ ದೊರೆಯ ಕಡೆಯವರು ಬಂದು ಎಳೆದುಕೊಂಡು ಹೋಗಿ, ಏನೂ ಕೊಡದೆ ಮಾಡಿಸಿಕೊಳ್ಳುವ ಕೆಲಸ. ಈ ಪದ ನಮ್ಮ ಶಾಸನಗಳಷ್ಟು ಹಳೆಯದು. ಇವತ್ತು ನಾನು ಹೇಳಹೊರಟಿರುವ ಸಂಗತಿಯಲ್ಲಿ ಜನರನ್ನು ಕೂಲಿಯ ಆಸೆ ತೋರಿಸಿ ಕರೆದರು, ಜೀತದವರಂತೆ ಕೂಡಿಹಾಕಿದರು, ಬಿಟ್ಟಿಯವರಂತೆ ದುಡಿಸಿದರು. ಸತ್ತಾಗ ಹೆಸರನ್ನೂ ಬರೆದುಕೊಳ್ಳಲಿಲ್ಲ.

ಈ ದತ್ತಿ ಉಪನ್ಯಾಸದ ಆಶಯ ಯುದ್ಧ ಮತ್ತು ಜನಸಾಮಾನ್ಯರ ಕುರಿತು ವರ್ಷಕ್ಕೊಂದು ಮಾತು ನಡೆಯಬೇಕೆಂಬುದು. ನಾನು ಆರಿಸಿಕೊಂಡದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನಿ ಸೇನೆ ಥಾಯ್‌ಲ್ಯಾಂಡಿನಿಂದ ಬರ್ಮಾಕ್ಕೆ ಹಾಕಿಸಿದ ರೈಲುದಾರಿಯನ್ನು. ಜಗತ್ತು ಅದನ್ನು ಸಾವಿನ ರೈಲು ಎಂದು ಕರೆಯುತ್ತದೆ. ಥಾಯ್‌ಲ್ಯಾಂಡಿನ ನೊಂಗ್ ಪ್ಲಾಡುಕ್‌ನಿಂದ ಬರ್ಮಾದ ಥಾನ್‌ಬ್ಯುಜಾಯತ್‌ವರೆಗೆ 415 ಕಿಲೋಮೀಟರ್. 1942ರ ನಡುವಿನಲ್ಲಿ ಕೆಲಸ ಹಿಡಿದು 1943ರ ಅಕ್ಟೋಬರಿನಲ್ಲಿ ಎರಡೂ ಕಡೆಯ ಹಳಿಗಳನ್ನು ಕೊಂಕೊಯಿಟಾ ಎಂಬಲ್ಲಿ ಕೂಡಿಸಿದರು. ಬ್ರಿಟಿಷರು ಹಿಂದೆ ಇದೇ ದಾರಿಯನ್ನು ಅಳೆದು ನೋಡಿ, ಬೆಟ್ಟ ಕಾಡು ಮಳೆ ಜ್ವರಗಳ ಈ ಸೀಮೆಯಲ್ಲಿ ಸಾಧ್ಯವಿಲ್ಲವೆಂದು ಕೈಬಿಟ್ಟಿದ್ದರು.

ಇಷ್ಟು ಆತುರ ಯಾಕೆ? 1942ರ ಮಾರ್ಚಿನಲ್ಲಿ ರಂಗೂನ್ ಜಪಾನಿನ ಕೈಸೇರಿತ್ತು. ಅಲ್ಲಿಂದ ಮುಂದಿನ ಗುರಿ ನಮ್ಮ ಈಶಾನ್ಯದ ಗಡಿ. ಬರ್ಮಾದಲ್ಲಿದ್ದ ಸೇನೆಗೆ ಮದ್ದುಗುಂಡು, ಅಕ್ಕಿ ಎಲ್ಲವೂ ಸಿಂಗಪುರವನ್ನು ಬಳಸಿ ಮಲಕ್ಕಾ ಜಲಸಂಧಿಯ ಮೂಲಕ ಹಡಗಿನಲ್ಲೇ ಬರಬೇಕು. ಜೂನ್‌ನಲ್ಲಿ ಮಿಡ್‌ವೇ ಕದನದಲ್ಲಿ ಜಪಾನಿನ ನೌಕಾಬಲದ ಬೆನ್ನು ಮುರಿಯಿತು. ಸಮುದ್ರದ ದಾರಿಯನ್ನು ನಂಬುವಂತಿರಲಿಲ್ಲ. ನೆಲದ ಮೇಲೆ ದಾರಿ ಬೇಕಾಯಿತು. ಯಂತ್ರಗಳಿರಲಿಲ್ಲ, ಜನ ಇದ್ದರು. ಫೆಬ್ರವರಿ 15ರಂದು ಸಿಂಗಪುರ ಬೀಳುವ ಹೊತ್ತಿಗೆ ಸೆರೆಸಿಕ್ಕಿದ್ದ ಲಕ್ಷಕ್ಕೂ ಮಿಕ್ಕ ಸೈನಿಕರು ಕೈಯಲ್ಲಿದ್ದರು. ಬ್ರಿಟನ್ನಿನ ಸುಮಾರು 30,000, ಹಾಲೆಂಡಿನ 18,000, ಆಸ್ಟ್ರೇಲಿಯಾದ 13,000, ಅಮೆರಿಕದ ಸುಮಾರು 700 ಸೈನಿಕರನ್ನು ಈ ಕೆಲಸಕ್ಕೆ ಹಚ್ಚಿದರು. ಅವರಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅಷ್ಟೂ ಜನ ಸಾಲದೆ ಬಂದಾಗ ಬರ್ಮಾ, ಮಲಯಾ, ಜಾವಾಗಳಿಂದ ಎರಡು ಲಕ್ಷದಷ್ಟು ಕೂಲಿಗಳನ್ನು ತಂದರು. ಜಪಾನಿಯರು ಅವರನ್ನು ಕರೆದದ್ದು ರೊಮುಷಾ ಎಂದು. ಅವರಲ್ಲಿ ಸತ್ತವರು ಸುಮಾರು 90,000. ಈ 'ಸುಮಾರು' ಎಂಬ ಮಾತನ್ನು ನೆನಪಿಟ್ಟುಕೊಳ್ಳಿ. ನನ್ನ ಇವತ್ತಿನ ಮಾತೆಲ್ಲ ಅದರ ಸುತ್ತಲೇ ಇದೆ.

ಮೊದಲು ಕಾನೂನಿನ ಮಾತು. ಯುದ್ಧಕೈದಿಗಳನ್ನು ಹೇಗೆ ನಡೆಸಿಕೊಳ್ಳಬೇಕೆಂದು 1929ರ ಜಿನೀವಾ ಒಪ್ಪಂದ ಹೇಳಿತ್ತು. ಸಾಮಾನ್ಯ ಸೈನಿಕನಿಂದ ಕೆಲಸ ಮಾಡಿಸಬಹುದು, ಆದರೆ ಆ ಕೆಲಸಕ್ಕೆ ಯುದ್ಧ ಕಾರ್ಯಾಚರಣೆಯ ಜೊತೆ ನೇರ ಸಂಬಂಧ ಇರಕೂಡದು, ಅವನ ಆರೋಗ್ಯಕ್ಕೆ ಕುತ್ತು ತರಕೂಡದು. ಜಪಾನ್ ಅದಕ್ಕೆ ಸಹಿ ಹಾಕಿತ್ತು, ಅನುಮೋದಿಸಿರಲಿಲ್ಲ. 1942ರಲ್ಲಿ ತನಗೆ ಹೊಂದುವಷ್ಟು ಮಟ್ಟಿಗೆ ಪಾಲಿಸುವುದಾಗಿ ತಿಳಿಸಿತು. ಅದೇ ವರ್ಷ ಪ್ರಧಾನಿ ತೋಜೊ ಶಿಬಿರಗಳ ಅಧಿಕಾರಿಗಳಿಗೆ ಕೊಟ್ಟ ಸೂಚನೆಯ ತಿರುಳು, ಕೈದಿ ಕೂತು ಉಣ್ಣಬಾರದು ಎಂಬುದು. ನೆಲಕ್ಕೆ ತಲುಪಿದ್ದು ಒಪ್ಪಂದವಲ್ಲ, ಈ ಸೂಚನೆ. ಯುದ್ಧ ಮುಗಿದ ಮೇಲೆ ಟೋಕಿಯೊ ನ್ಯಾಯಮಂಡಳಿ ಲೆಕ್ಕ ಹಾಕಿತು: ಜರ್ಮನಿ ಮತ್ತು ಇಟಲಿಯ ವಶದಲ್ಲಿದ್ದ ಬ್ರಿಟಿಷ್ ಮತ್ತು ಅಮೆರಿಕನ್ ಕೈದಿಗಳಲ್ಲಿ ಸತ್ತವರು ಶೇ. 4, ಜಪಾನಿನ ವಶದಲ್ಲಿದ್ದವರಲ್ಲಿ ಶೇ. 27.

ಈ ಅಂಕಿಯನ್ನು ಕೇಳಿ ಇದು ಪೂರ್ವದ ಕ್ರೌರ್ಯ, ಪಶ್ಚಿಮದವರು ಸಜ್ಜನರು ಎಂದು ಯಾರೂ ತಿಳಿಯಬಾರದು. ಅದೇ ಜರ್ಮನಿಯ ಕೈಗೆ ಸಿಕ್ಕ ಸುಮಾರು 57 ಲಕ್ಷ ಸೋವಿಯತ್ ಸೈನಿಕರಲ್ಲಿ 33 ಲಕ್ಷದಷ್ಟು ಜನ ಹಸಿವು, ಚಳಿ, ಗುಂಡುಗಳಿಗೆ ಸತ್ತರು. ಯಾರನ್ನು ಮನುಷ್ಯರೆಂದು ಎಣಿಸುತ್ತೇವೋ ಅವರಿಗಷ್ಟೇ ಒಪ್ಪಂದ ಎಂಬ ಲೆಕ್ಕ ಅಲ್ಲೂ ಇತ್ತು. ಅದೇ ವರ್ಷಗಳಲ್ಲಿ ನಮ್ಮ ಬೆಂಗಳೂರಿನ ಜಾಲಹಳ್ಳಿಯ ಕಡೆ ಇಟಲಿಯ ಯುದ್ಧಕೈದಿಗಳ ಶಿಬಿರಗಳಿದ್ದವು. ಬ್ರಿಟಿಷ್ ಸರ್ಕಾರ ಅವರಿಗೆ ಒಪ್ಪಂದದ ಪ್ರಕಾರ ಊಟ ಕೊಡುತ್ತಿತ್ತು. 1943ರಲ್ಲಿ ಅದೇ ಸರ್ಕಾರದ ಆಳ್ವಿಕೆಯ ಬಂಗಾಳದಲ್ಲಿ ಲಕ್ಷಾಂತರ ಜನ ಅನ್ನವಿಲ್ಲದೆ ಬೀದಿಯಲ್ಲಿ ಸತ್ತರು. ಕೈದಿಯ ತಟ್ಟೆಗೆ ಒಂದು ಒಪ್ಪಂದ ಇತ್ತು, ಬಂಗಾಳದ ರೈತನ ತಟ್ಟೆಗೆ ಯಾವುದೂ ಇರಲಿಲ್ಲ.

ಈ ರೈಲುದಾರಿಯ ಮೇಲಿರುವ ಥಾಯ್‌ಲ್ಯಾಂಡಿನ ಊರು ಕಾಂಚನಬುರಿಗೆ ನಾನು ಹೋದದ್ದು ಒಂದು ಬೇಸಿಗೆಯಲ್ಲಿ. ಅಲ್ಲಿಂದ ರಸ್ತೆಯಲ್ಲಿ ಎರಡು ತಾಸು ಸಾಗಿದರೆ ಕೊನ್ಯೂ ಕಣಿವೆ ಸಿಗುತ್ತದೆ. ಬೆಟ್ಟದ ಪಕ್ಕೆಯನ್ನು ಸೀಳಿ ರೈಲು ಹಾಯಲು ಮಾಡಿದ ಓಣಿ ಅದು. ಕೈದಿಗಳು ಇಟ್ಟ ಹೆಸರು ಹೆಲ್‌ಫೈರ್ ಪಾಸ್, ನರಕದ ಬೆಂಕಿಯ ಕಣಿವೆ. ಅದರ ಒಂದು ಭಾಗ ಸುಮಾರು 75 ಮೀಟರ್ ಉದ್ದ, 25 ಮೀಟರ್ ಆಳ. ಹಳಿಗಳನ್ನು ಕಿತ್ತಿದ್ದಾರೆ, ಜಲ್ಲಿ ಮಾತ್ರ ಕಾಲಡಿ ಸರಿದಾಡುತ್ತದೆ. ಎರಡೂ ಬದಿಯ ಬಂಡೆಯ ಮೇಲೆ ಉಳಿ ಇಳಿದ ಗೀರುಗಳು ಉದ್ದಕ್ಕೆ ಕಾಣುತ್ತವೆ, ಬೆರಳಿಟ್ಟರೆ ಬೆರಳು ಕೂರುತ್ತದೆ. ಒಂದು ಕಡೆ ಮುರಿದ ಉಳಿಯ ತುದಿ ಬಂಡೆಯೊಳಗೇ ಸಿಕ್ಕಿಕೊಂಡು ಉಳಿದಿದೆ. ನಾನು ಅದನ್ನು ಮುಟ್ಟಿ ನೋಡಿದೆ. ಬಿಸಿಲಿಗೆ ಕಾದಿತ್ತು.

ಕಲ್ಲುಕುಟಿಗರ ಊರಿನಲ್ಲಿ ಬೆಳೆದವರಿಗೆ ಈ ಕೆಲಸ ಗೊತ್ತಿರುತ್ತದೆ. ಒಬ್ಬ ಉದ್ದನೆಯ ಉಳಿಯನ್ನು ಬಂಡೆಯ ಮೇಲೆ ನೆಟ್ಟಗೆ ಹಿಡಿಯುತ್ತಾನೆ. ಇನ್ನೊಬ್ಬ ಚಮ್ಮಟಿಗೆಯಿಂದ ಹೊಡೆಯುತ್ತಾನೆ. ಪ್ರತಿ ಪೆಟ್ಟಿಗೂ ಹಿಡಿದವನು ಉಳಿಯನ್ನು ಕೊಂಚ ತಿರುಗಿಸಬೇಕು, ಇಲ್ಲದಿದ್ದರೆ ಅದು ಸಿಕ್ಕಿಕೊಳ್ಳುತ್ತದೆ. ಕುಳಿ ಬೇಕಾದಷ್ಟು ಆಳವಾದ ಮೇಲೆ ಸಿಡಿಮದ್ದು ತುಂಬಿ ಹಾರಿಸುತ್ತಾರೆ. ಆಮೇಲೆ ಒಡೆದ ಕಲ್ಲನ್ನು ಬುಟ್ಟಿಯಲ್ಲಿ, ಗೋಣಿಯ ಜೋಲಿಯಲ್ಲಿ ಹೊತ್ತು ಹಾಕಬೇಕು. ನಮ್ಮ ಕಲ್ಲುಕುಟಿಗ ಉಂಡು ಬಂದು ಈ ಕೆಲಸ ಮಾಡುತ್ತಾನೆ, ದಣಿದಾಗ ನೆರಳಿಗೆ ಹೋಗುತ್ತಾನೆ. ಇಲ್ಲಿ ಹೊಡೆಯುವವನು ಬೆಳಿಗ್ಗೆ ಒಂದಿಷ್ಟು ಅಕ್ಕಿಯ ಗಂಜಿ ಕುಡಿದು ಬಂದ ಮಲೇರಿಯಾ ರೋಗಿ. ಬರಿಗಾಲು, ಸೊಂಟಕ್ಕೊಂದು ತುಂಡು ಬಟ್ಟೆ. ಸಿಡಿದ ಕಲ್ಲಿನ ಚೂರು ಕಾಲಿಗೆ ತಾಗಿ ಆದ ತರಚುಗಾಯ ಕೆಲವೇ ದಿನಗಳಲ್ಲಿ ಮೊಣಕಾಲಿನವರೆಗೆ ಕೊಳೆಯುತ್ತಿತ್ತು. ವೈದ್ಯರು ಆ ಹುಣ್ಣನ್ನು ಚಮಚದಿಂದ ಕೆರೆದು ತೆಗೆಯುತ್ತಿದ್ದರು, ಅರಿವಳಿಕೆ ಇಲ್ಲದೆ. ಅದಕ್ಕೂ ಮೀರಿದರೆ ಕಾಲನ್ನೇ ಕತ್ತರಿಸುತ್ತಿದ್ದರು.

1943ರ ಆರಂಭದಲ್ಲಿ, ಗೊತ್ತುಮಾಡಿದ ಗಡುವಿಗಿಂತ ಮುಂಚೆಯೇ ಕೆಲಸ ಮುಗಿಯಬೇಕೆಂದು ಟೋಕಿಯೊದಿಂದ ಆಜ್ಞೆ ಬಂತು. ಕಾವಲುಗಾರರ ಬಾಯಲ್ಲಿ ಹಗಲೂ ರಾತ್ರಿ ಒಂದೇ ಕೂಗು, 'ಸ್ಪೀಡೋ, ಸ್ಪೀಡೋ'. ಬದುಕಿ ಬಂದವರು ಆ ತಿಂಗಳುಗಳನ್ನೇ ಸ್ಪೀಡೋ ಕಾಲ ಎಂದು ಕರೆಯುತ್ತಾರೆ. ದಿನಕ್ಕೆ ಹದಿನೆಂಟು ತಾಸಿನ ಕೆಲಸ. ರಾತ್ರಿ ಬಿದಿರಿಗೆ ಬೆಂಕಿ ಹಚ್ಚಿ, ಎಣ್ಣೆಯ ದೀಪವಿಟ್ಟು ಕಣಿವೆಯೊಳಗೆ ಬೆಳಕು ಮಾಡುತ್ತಿದ್ದರು. ಮೇಲಿನಿಂದ ಬಗ್ಗಿ ನೋಡಿದವರಿಗೆ ಬೆಂಕಿಯ ನಡುವೆ ಮೂಳೆ ಎದ್ದ ನೆರಳುಗಳು ಸುತ್ತಿಗೆ ಎತ್ತುವುದು ಕಾಣುತ್ತಿತ್ತು. ಕಣಿವೆಗೆ ಆ ಹೆಸರು ಬಂದದ್ದು ಹಾಗೆ.

ಕ್ರೌರ್ಯವೆಂದರೆ ಬಡಿಗೆ, ಏಟು ಎಂದಷ್ಟೇ ನಾವು ತಿಳಿಯುತ್ತೇವೆ. ಏಟು ಅಲ್ಲಿ ಬೇಕಾದಷ್ಟಿತ್ತು. ಆದರೆ ಹೆಚ್ಚು ಜನರನ್ನು ಕೊಂದದ್ದು ಬೆಳಗಿನ ಎಣಿಕೆ. ರೈಲ್ವೆ ಇಂಜಿನಿಯರ್ ಇವತ್ತು ಇಷ್ಟು ಆಳು ಬೇಕು ಎಂದು ಸಂಖ್ಯೆ ಕಳಿಸುತ್ತಿದ್ದ. ಶಿಬಿರದಲ್ಲಿ ಗಟ್ಟಿಮುಟ್ಟಾದವರು ಅಷ್ಟು ಇಲ್ಲದಿದ್ದರೆ ಉಳಿದದ್ದನ್ನು ರೋಗಿಗಳಿಂದ ತುಂಬಬೇಕು. ಆಸ್ಟ್ರೇಲಿಯಾದ ಶಸ್ತ್ರಚಿಕಿತ್ಸಕ ಎಡ್ವರ್ಡ್ ಡನ್‌ಲಪ್ ಹಿಂಟೊಕ್ ಶಿಬಿರದಲ್ಲಿ ದಿನವೂ ನಡೆಸಿದ ಹೋರಾಟ ಇದರ ಜೊತೆಗೇ. ಯಾರಿಗೆ ಜ್ವರ ಹೆಚ್ಚು, ಯಾರಿಗೆ ಭೇದಿ ಹೆಚ್ಚು, ಯಾರು ಇನ್ನೊಂದು ದಿನ ತಡೆದಾರು ಎಂದು ವೈದ್ಯನೇ ಆರಿಸಬೇಕು. ರೋಗಿಯನ್ನು ಉಳಿಸಬೇಕಾದವನ ಕೈಗೆ ಆ ತಕ್ಕಡಿಯನ್ನು ಕೊಟ್ಟಿದ್ದರು. ಡನ್‌ಲಪ್ ಕದ್ದು ಬರೆದ ದಿನಚರಿ 1986ರಲ್ಲಿ ಪುಸ್ತಕವಾಗಿ ಬಂತು.

ಮಳೆ ಹಿಡಿಯುವ ಹೊತ್ತಿಗೆ ಕಾಲರಾ ಬಂತು. ಬಿಡುವಿಲ್ಲದ ವಾಂತಿಭೇದಿಯಲ್ಲಿ ಮೈಯ ನೀರೆಲ್ಲ ಹರಿದುಹೋಗಿ ಬೆಳಿಗ್ಗೆ ಮಾತಾಡಿದವನು ಸಂಜೆಗೆ ಗುರುತು ಸಿಗದಂತಾಗುತ್ತಿದ್ದ. ಕೈದಿಗಳ ಶಿಬಿರಗಳಲ್ಲಿ ವೈದ್ಯರು ಮಾಡಿದ್ದನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಹೊಳೆಯ ನೀರನ್ನು ಕುದಿಸದೆ ಯಾರೂ ಕುಡಿಯಕೂಡದು. ಊಟದ ಡಬ್ಬಿಯನ್ನು ಕುದಿಯುವ ನೀರಿನಲ್ಲಿ ಅದ್ದಿಯೇ ಊಟಕ್ಕೆ ನಿಲ್ಲಬೇಕು. ಪಾಯಿಖಾನೆಯ ಗುಂಡಿ ಆಳವಾಗಿರಬೇಕು, ಅದಕ್ಕೆ ಮುಚ್ಚಳ ಇರಬೇಕು. ಕದ್ದ ಕೊಳವೆಗಳಿಂದ ಭಟ್ಟಿ ಕಟ್ಟಿ ನೀರನ್ನು ಶುದ್ಧಮಾಡಿ, ಉಪ್ಪು ಬೆರೆಸಿ, ಬಿದಿರಿನ ಸಣ್ಣ ನಾಳವನ್ನೇ ಸೂಜಿಯಾಗಿಸಿ ರೋಗಿಯ ರಕ್ತನಾಳಕ್ಕೆ ಹನಿಸಿದರು. ಹೊರಗಿನಿಂದ ಕಾಂಚನಬುರಿಯ ವ್ಯಾಪಾರಿ ಬೂನ್ ಪೊಂಗ್ ಜೀವ ಒತ್ತೆಯಿಟ್ಟು ಔಷಧಿ, ಹಣ ಒಳಗೆ ಸಾಗಿಸಿದರು. ಆದರೂ ಕೈದಿಗಳು ಸತ್ತರು. 1943ರ ಏಪ್ರಿಲಿನಲ್ಲಿ ಸಿಂಗಪುರದಿಂದ ಹೊರಟ 7,000 ಜನರ 'ಎಫ್ ಫೋರ್ಸ್' ಎಂಬ ತಂಡವನ್ನು ಥಾಯ್‌ಲ್ಯಾಂಡಿನ ಬಾನ್ ಪೊಂಗ್‌ನಿಂದ ಸುಮಾರು 300 ಕಿಲೋಮೀಟರ್ ರಾತ್ರಿಯ ಹೊತ್ತು ನಡೆಸಿ ಕಾಲರಾದ ಬಾಯಿಗೇ ತಂದು ನಿಲ್ಲಿಸಿದರು. ಅದರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಮರಳಲಿಲ್ಲ.

ಈಗ ಕೂಲಿಗಳ ಕಡೆ ಬರುತ್ತೇನೆ.

ಮಲಯಾದ ರಬ್ಬರ್ ತೋಟಗಳಲ್ಲಿ ದುಡಿಯುತ್ತಿದ್ದವರಲ್ಲಿ ಬಹುಪಾಲು ತಮಿಳರು. ಕಂಗಾಣಿ ಎಂಬ ಮೇಸ್ತ್ರಿ, ನಮ್ಮ ಕಾಫಿ ತೋಟಗಳ ಮೇಸ್ತ್ರಿಯಂತೆ, ಊರಿಗೆ ಹೋಗಿ ಮುಂಗಡ ಕೊಟ್ಟು ಕರೆತಂದ ಜನ ಇವರು. ಜಪಾನ್ ಬಂದ ಮೇಲೆ ರಬ್ಬರು ಕೊಳ್ಳುವವರಿಲ್ಲದೆ ತೋಟಗಳು ನಿಂತುಹೋದವು. ಕೆಲಸವಿಲ್ಲ, ಅಕ್ಕಿಯಿಲ್ಲ. ಆಗ ಕರೆ ಬಂತು: ಮೂರು ತಿಂಗಳ ಕೆಲಸ, ದಿನಕ್ಕೊಂದು ಡಾಲರ್ ಕೂಲಿ, ಊಟ ವಸತಿ ಪುಕ್ಕಟೆ. ಮೊದಮೊದಲು ಜನ ತಾವೇ ಹೊರಟರು. ಕೆಲವರು ಹೆಂಡತಿ ಮಕ್ಕಳ ಸಮೇತ. ಹೋದವರ ಸುದ್ದಿ ಬರದಿದ್ದಾಗ ಉಳಿದವರು ಹಿಂಜರಿದರು. ಆಮೇಲೆ ಪ್ರತಿ ತೋಟಕ್ಕೂ ಇಂತಿಷ್ಟು ತಲೆ ಎಂದು ಗೊತ್ತುಮಾಡಿದರು. ದಾರಿಯಲ್ಲಿ ಹೋಗುತ್ತಿದ್ದವರನ್ನು ಲಾರಿಗೆ ಹತ್ತಿಸಿದರು. ಪುಕ್ಕಟೆ ಸಿನಿಮಾ ಎಂದು ಕರೆದು, ಬಾಗಿಲು ಹಾಕಿ, ಅಲ್ಲಿಂದ ನೇರ ರೈಲಿಗೆ ತುಂಬಿದ್ದನ್ನು ಬದುಕುಳಿದವರು ಹೇಳಿದ್ದಾರೆ. ಹೀಗೆ ಮಲಯಾದಿಂದ ಒಯ್ದವರು ಎಪ್ಪತ್ತು ಸಾವಿರಕ್ಕೂ ಹೆಚ್ಚು.

ಅಕ್ಕಿ ಸಾಗಿಸುವ ಉಕ್ಕಿನ ವ್ಯಾಗನ್ನುಗಳಲ್ಲಿ ನಾಲ್ಕೈದು ದಿನ, ಆಮೇಲೆ ಕಾಡಿನೊಳಗೆ ಕಾಲ್ನಡಿಗೆ. ಇಷ್ಟರವರೆಗೆ ಕೈದಿಯ ಪಾಡೂ ಕೂಲಿಯ ಪಾಡೂ ಒಂದೇ. ಶಿಬಿರ ಸೇರಿದ ಮೇಲೆ ಎರಡು ದಾರಿಯಾಯಿತು. ಕೈದಿಗಳ ಜೊತೆ ಅವರ ಅಧಿಕಾರಿಗಳಿದ್ದರು, ವೈದ್ಯರಿದ್ದರು, ಅಡುಗೆಯವರಿದ್ದರು. ಗುಂಡಿ ತೋಡು ಎಂದು ಹೇಳುವವರೂ ಹೇಳಿದ್ದನ್ನು ಕೇಳುವ ಅಭ್ಯಾಸದವರೂ ಇದ್ದರು. ಕೂಲಿಗಳ ಜೊತೆ ಯಾರಿದ್ದರು? ಜಾವಾದವನ ಮಾತು ತಮಿಳನಿಗೆ ತಿಳಿಯದು, ತಮಿಳನ ಮಾತು ಬರ್ಮಾದವನಿಗೆ ತಿಳಿಯದು. ನೀರು ಕುದಿಸಿ ಎಂದು ಯಾರೂ ಹೇಳಲಿಲ್ಲ, ಕುದಿಸಲು ಪಾತ್ರೆಯೂ ಇರಲಿಲ್ಲ. ಕಾಲರಾ ಕಾಣಿಸಿಕೊಂಡಾಗ ಓಡಬಲ್ಲವರು ಕಾಡಿಗೆ ಓಡಿದರು, ಓಡಲಾರದವರು ಗುಡಿಸಲಿನಲ್ಲೇ ಉಳಿದರು. ಹೆಣಗಳನ್ನು ಗುಂಡಿಗೆ ಹಾಕಿದರು, ಕೆಲವನ್ನು ಗುಡಿಸಲಿನ ಸಮೇತ ಸುಟ್ಟರು. ಕೊನೆಗೆ ಸಿಂಗಪುರದಿಂದ ಕೈದಿಗಳಾಗಿದ್ದ ವೈದ್ಯಕೀಯ ಸಿಬ್ಬಂದಿಯನ್ನೇ ಕೆ ಫೋರ್ಸ್, ಎಲ್ ಫೋರ್ಸ್ ಎಂದು ಎರಡು ತಂಡ ಮಾಡಿ ಕೂಲಿಗಳ ಶಿಬಿರಗಳಿಗೆ ಕಳಿಸಿದರು. ಕೆಲವೇ ನೂರು ಜನ, ಅಷ್ಟು ಉದ್ದದ ದಾರಿಗೆ.

ಏಷ್ಯಾದ ಕೂಲಿಗಳ ಮೈ ಬಿಳಿಯರಷ್ಟು ತಡೆಯಲಿಲ್ಲ ಎಂಬ ಮಾತನ್ನು ಹಳೆಯ ಪುಸ್ತಕಗಳಲ್ಲಿ ಓದಿದ್ದೇನೆ. ಆ ಮಾತು ನನಗೆ ಸಿಟ್ಟು ತರಿಸುತ್ತದೆ. ಆ ಬಿಸಿಲು, ಆ ಮಳೆ ತೋಟದ ತಮಿಳನಿಗೆ ಹೊಸದಲ್ಲ. ಅವನಿಗೆ ಇಲ್ಲದೆ ಹೋದದ್ದು ಒಂದು ಬಿಸಿನೀರಿನ ಹಂಡೆ, ಒಬ್ಬ ಕಾಂಪೌಂಡರ್, ಇವತ್ತು ನಿನ್ನ ಗುಡಿಸಲಿನಲ್ಲಿ ಯಾರು ಎದ್ದಿಲ್ಲ ಎಂದು ಕೇಳುವ ಒಬ್ಬ ಮೇಸ್ತ್ರಿ.

ಹೊಡೆದವರು ಯಾರು ಎಂಬ ಪ್ರಶ್ನೆಯೂ ಸುಲಭದ್ದಲ್ಲ. ಕಾವಲುಗಾರರಲ್ಲಿ ಅನೇಕರು ಕೊರಿಯಾದ ಯುವಕರು. ಕೊರಿಯಾ ಆಗ ಜಪಾನಿನ ವಸಾಹತು. ಜಪಾನಿ ಸಿಪಾಯಿ ಕೊರಿಯನ್ನನ ಕೆನ್ನೆಗೆ ಹೊಡೆಯುತ್ತಿದ್ದ, ಕೊರಿಯನ್ ಕೈದಿಗೆ ಹೊಡೆಯುತ್ತಿದ್ದ. ಯುದ್ಧಾನಂತರ ಯುದ್ಧಾಪರಾಧಿಗಳೆಂದು 148 ಕೊರಿಯನ್ನರಿಗೆ ಶಿಕ್ಷೆಯಾಯಿತು, 23 ಮಂದಿ ನೇಣುಗಂಬ ಅಥವಾ ಗುಂಡಿಗೆ ಬಲಿಯಾದರು. ಕೈದಿ ಕೈಯಾರೆ ಹೊಡೆದವನನ್ನು ಗುರುತಿಸಬಲ್ಲ, ಬೆಳಗಿನ ಸಂಖ್ಯೆಯನ್ನು ಬರೆದು ಕಳಿಸಿದವನನ್ನು ಅವನು ಕಂಡೇ ಇರುವುದಿಲ್ಲ.

ಸಾಮಾನ್ಯ ಜನರಿಗೆ ಈ ರೈಲಿನ ವಿಷಯ ಗೊತ್ತಿರುವುದು 1957ರಲ್ಲಿ ಡೇವಿಡ್ ಲೀನ್ ತೆಗೆದ ಕ್ವಾಯ್ ನದಿಯ ಸೇತುವೆಯ ಸಿನಿಮಾದಿಂದ. ಅದನ್ನು ಚಿತ್ರಿಸಿದ್ದು ಸಿಂಹಳದ ಕಿತುಲ್‌ಗಲದಲ್ಲಿ. ನಿಜವಾದ ಸೇತುವೆ ಇದ್ದ ಹೊಳೆಯ ಹೆಸರು ಆಗ ಮೇ ಕ್ಲೊಂಗ್; ಸಿನಿಮಾ ನೋಡಿ ಬಂದ ಪ್ರವಾಸಿಗರಿಗಾಗಿ 1960ರ ದಶಕದಲ್ಲಿ ಹೊಳೆಗೇ ಹೆಸರು ಬದಲಾಯಿಸಿದರು. ಆ ಸಿನಿಮಾದಲ್ಲಿ ಕೂಲಿಗಳಿಗೆ ಮುಖವಿಲ್ಲ.

ಪರಿಹಾರದ ಕತೆಯನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅದರಲ್ಲಿ ಹೇಳಲು ಹೆಚ್ಚೇನೂ ಇಲ್ಲ. ಯುದ್ಧ ಮುಗಿದ ಮೇಲೆ ಬ್ರಿಟಿಷರು ರೈಲುದಾರಿಯನ್ನು ಥಾಯ್ ಸರ್ಕಾರಕ್ಕೆ ಹನ್ನೆರಡೂವರೆ ಲಕ್ಷ ಪೌಂಡಿಗೆ ಮಾರಿದರು. ಹಳೆಯ ಕೈದಿಗಳಿಗೆ ಒಂದಿಷ್ಟು ಬಿಡಿಗಾಸು ಹಂಚಿಕೆಯಾಯಿತು. 2000ದಲ್ಲಿ ಬ್ರಿಟನ್, ಮರುವರ್ಷ ಆಸ್ಟ್ರೇಲಿಯಾ ಬದುಕಿದ್ದವರಿಗೆ ಗೌರವಧನ ಕೊಟ್ಟವು. ಸ್ವತಂತ್ರ ಭಾರತ 1952ರ ಒಪ್ಪಂದದಲ್ಲಿ ಜಪಾನಿನಿಂದ ಯುದ್ಧಪರಿಹಾರ ಕೇಳುವುದಿಲ್ಲವೆಂದು ಬರೆದುಕೊಟ್ಟಿತು. ಆ ಔದಾರ್ಯವನ್ನು ನಾವು ಪಠ್ಯಪುಸ್ತಕಗಳಲ್ಲಿ ಹೊಗಳುತ್ತೇವೆ. ಯಾರ ಪಾಲಿನದನ್ನು ಬಿಟ್ಟುಕೊಟ್ಟೆವು ಎಂದು ಕೇಳಿಕೊಂಡಿಲ್ಲ. ಮಲೇಷ್ಯಾದ ಜೊತೆ 1967ರಲ್ಲಿ ಆದ ಒಪ್ಪಂದದಲ್ಲಿ ಜಪಾನ್ ಎರಡು ಹಡಗು ಕೊಟ್ಟಿತು. ತೋಟದ ಲೈನುಗಳಲ್ಲಿ ಕಾಯುತ್ತ ಕೂತ ಹೆಂಗಸರ ಮನೆಗೆ ಹಡಗು ಬರುವುದಿಲ್ಲ. ಗಂಡ ಸತ್ತನೋ ಇದ್ದಾನೋ ಗೊತ್ತಿಲ್ಲ. ಸತ್ತ ದಿನ ತಿಳಿಯದೆ ಎಡೆ ಇಡುವುದು ಯಾವತ್ತು?

1945ರ ಸೆಪ್ಟೆಂಬರಿನಲ್ಲಿ ಒಂದು ಶೋಧತಂಡ ಈ ದಾರಿಯುದ್ದಕ್ಕೂ ಕೈದಿಗಳ ಸಮಾಧಿಗಳನ್ನು ಹುಡುಕುತ್ತ ಹೋಯಿತು. ಜಪಾನಿ ದುಭಾಷಿಯಾಗಿ ಜೊತೆಗಿದ್ದವರು ನಗಾಸೆ ತಕಾಶಿ. ಕಾಂಚನಬುರಿಯಲ್ಲಿ ಕೈದಿಗಳಿಗೆ ಚಿತ್ರಹಿಂಸೆ ಕೊಡುವಾಗ ಪ್ರಶ್ನೆಗಳನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದವರು ಅವರೇ. ಅಂದು ಹಿಂಸೆ ಉಂಡ ಎರಿಕ್ ಲೊಮಾಕ್ಸ್ ಐವತ್ತು ವರ್ಷಗಳ ಮೇಲೆ ಅವರನ್ನು ಕಂಡು ಕ್ಷಮಿಸಿದರು. ಆ ಶೋಧತಂಡಕ್ಕೆ 144 ಸ್ಮಶಾನಗಳಲ್ಲಿ 10,549 ಸಮಾಧಿಗಳು ಸಿಕ್ಕವು. ಸಿಗದೆ ಹೋದವು 52 ಮಾತ್ರ. ಕಾಡು ಮುಚ್ಚಿದ ನೆಲದಲ್ಲಿ ಇದು ಹೇಗೆ ಸಾಧ್ಯವಾಯಿತು? ಕೈದಿಗಳು ಸತ್ತವನ ಹೆಸರು, ಪಡೆ, ದಿನಾಂಕ, ಹೂತ ಜಾಗದ ನಕ್ಷೆಯನ್ನು ಸಿಕ್ಕ ಕಾಗದದ ಮೇಲೆಲ್ಲ ಬರೆದು, ಕಾವಲುಗಾರರ ಕಣ್ಣು ತಪ್ಪಿಸಿ ಮುಚ್ಚಿಟ್ಟು ಕಾಪಾಡಿದ್ದರು. ಬದುಕುವ ಭರವಸೆಯೇ ಇಲ್ಲದವರು ಸತ್ತವರ ಹಾಜರಿಯನ್ನು ಹೀಗೆ ಉಳಿಸಿದರಲ್ಲ, ಆ ಶಿಬಿರಗಳಲ್ಲಿ ನಡೆದುದರಲ್ಲಿ ನನಗೆ ಇದೇ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಆ ತಂಡ ಕೂಲಿಗಳ ಗುಂಡಿಗಳನ್ನು ಹುಡುಕಲಿಲ್ಲ. ಅದಕ್ಕೆ ವಹಿಸಿದ ಕೆಲಸ ಅದಾಗಿರಲಿಲ್ಲ. 1990ರಲ್ಲಿ ಕಾಂಚನಬುರಿಯ ಒಂದು ಕಬ್ಬಿನ ಗದ್ದೆಯಲ್ಲಿ ನೆಲ ಅಗೆದಾಗ ಮೂಳೆಗಳು ರಾಶಿರಾಶಿಯಾಗಿ ಎದ್ದವು.

ಕಾಂಚನಬುರಿಯ ಯುದ್ಧ ಸ್ಮಶಾನದಲ್ಲಿ ಸುಮಾರು ಏಳು ಸಾವಿರ ಸಮಾಧಿಗಳಿವೆ. ಕತ್ತರಿಸಿದ ಹುಲ್ಲು, ಸಾಲಾಗಿ ಕಲ್ಲುಗಳು, ಪ್ರತಿಯೊಂದರ ಬಳಿ ಹೂವಿನ ಗಿಡ. ದ್ವಾರದ ಕಟ್ಟಡದಲ್ಲಿ ಒಂದು ಸಣ್ಣ ಬಾಗಿಲು ತೆರೆದರೆ ಸಮಾಧಿಗಳ ಪುಸ್ತಕ ಸಿಗುತ್ತದೆ. ಯಾರದು ಯಾವ ಸಾಲು, ಎಷ್ಟನೆಯ ಕಲ್ಲು ಎಂದು ನೋಡಿಕೊಳ್ಳಬಹುದು. ಅದೇ ಕಟ್ಟಡದ ಗೋಡೆಯ ಮೇಲೆ ಅವಿಭಜಿತ ಭಾರತದ ಸೇನೆಯ ಹನ್ನೊಂದು ಜನರ ಹೆಸರಿದೆ. ಥಾಯ್‌ಲ್ಯಾಂಡಿನ ಬೇರೆ ಕಡೆಯ ಮುಸ್ಲಿಂ ಸ್ಮಶಾನಗಳಲ್ಲಿ ಹೂತ ಅವರ ಸಮಾಧಿಗಳನ್ನು ನೋಡಿಕೊಳ್ಳಲಾಗದೆ ಹೋದದ್ದಕ್ಕೆ ಹೆಸರನ್ನಾದರೂ ಇಲ್ಲಿ ಕೆತ್ತಿದ್ದಾರೆ. ಅವರು ಸೈನಿಕರು. ನಾನು ಆ ಹನ್ನೊಂದನ್ನೂ ಗಟ್ಟಿಯಾಗಿ ಓದಿದೆ.

ಅದೇ ಊರಿನ ಒಂದು ಬೌದ್ಧ ದೇವಾಲಯದ ಆವರಣದಲ್ಲಿ ಈಚಿನ ವರ್ಷಗಳಲ್ಲಿ ತಮಿಳು ಕೂಲಿಗಳ ನೆನಪಿಗೆ ಒಂದು ನಡುಗಲ್ಲು ನಿಲ್ಲಿಸಿದ್ದಾರೆ. ನಡುಗಲ್ಲು ಅಂದರೆ ನಮ್ಮ ವೀರಗಲ್ಲೇ. ನಮ್ಮ ವೀರಗಲ್ಲುಗಳಲ್ಲಿ ಯಾವ ಊರಿನ ತುರುಗಳನ್ನು ಬಿಡಿಸುವಾಗ, ಯಾರ ಮಗ, ಯಾವ ವರ್ಷ ಸತ್ತ ಎಂದು ಬರೆದಿರುತ್ತದೆ. ನಾನು ಹೋದಾಗ ಮಧ್ಯಾಹ್ನ ದಾಟಿತ್ತು, ಸುತ್ತ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತು ನಿಂತೆ. ಓದಲು ಹೆಸರುಗಳಿಲ್ಲದೆ, ಕೈಯಲ್ಲಿದ್ದ ಬಾಟಲಿಯ ನೀರನ್ನು ಕಲ್ಲಿನ ಬುಡಕ್ಕೆ ಹಾಕಿ ಹೊರಗೆ ಬಂದೆ.